ಫರ್ಮಾನ ಊಹೆಯನ್ನು ಮುರಿದ ಸಂಖ್ಯೆ

ನಾನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು; ಅಂಕಗಳಲ್ಲಿ ೪,೨೯,೪೯,೬೭,೨೯೭. ೨ರ ೩೨ನೆಯ ಘಾತಕ್ಕೆ ೧ನ್ನು ಕೂಡಿದರೆ ಈ ಸಂಖ್ಯೆ ದೊರೆಯುತ್ತದೆ. ನೋಡುವುದಕ್ಕೆ ಇದರಲ್ಲಿ ವಿಶೇಷವೇನೂ ಕಾಣದು. ಆದರೆ ಮಹಾಗಣಿತಜ್ಞನೊಬ್ಬನ ಊಹೆಯು ತೊಂಬತ್ತೆರಡು ವರ್ಷ ಬಾಳಿ, ಕಡೆಗೆ ಮುರಿದುಬಿದ್ದುದು ಇಲ್ಲಿಯೇ.

೨ರ ೧, ೨, ೪, ೮, ೧೬ನೆಯ ಘಾತಗಳಿಗೆ ಒಂದೊಂದನ್ನು ಕೂಡಿದರೆ ಕ್ರಮವಾಗಿ ೩, ೫, ೧೭, ೨೫೭, ೬೫,೫೩೭ ಬರುತ್ತವೆ. ಈ ಐದೂ ಅವಿಭಾಜ್ಯ ಸಂಖ್ಯೆಗಳು. ಘಾತಾಂಕವನ್ನು ಹೀಗೆಯೇ ಇಮ್ಮಡಿಸುತ್ತ ಹೋದರೆ ಬರುವುವೆಲ್ಲವೂ ಅವಿಭಾಜ್ಯಗಳೇ ಎಂದು ಫ್ರಾನ್ಸಿನ ಫರ್ಮಾ ೧೬೪೦ರಲ್ಲಿ ಪತ್ರವೊಂದರಲ್ಲಿ ಬರೆದನು. ಇದಕ್ಕೆ ಸರಿಯಾದ ಸಾಧನೆ ತನ್ನಲ್ಲಿಲ್ಲವೆಂದೂ ಅವನೇ ಒಪ್ಪಿಕೊಂಡಿದ್ದನು. ಐದು ನಿದರ್ಶನಗಳು ಸಾಲಾಗಿ ಸರಿಬಂದ ಮೇಲೆ ಆರನೆಯದನ್ನು ಸಂದೇಹಿಸುವವರು ಯಾರು?

ಸಂದೇಹಿಸಿದವನು ಆಯ್ಲರ್. ಆರನೆಯದಾದ ನಮ್ಮ ಸಂಖ್ಯೆಯು ೬೪೧ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆಂದು ೧೭೩೨ರಲ್ಲಿ ಅವನು ತೋರಿಸಿಕೊಟ್ಟನು. ಭಾಗಲಬ್ಧ ೬೭,೦೦,೪೧೭.

ದೀರ್ಘ ಭಾಗಾಹಾರವಿಲ್ಲದೆಯೇ ಇದನ್ನು ಸಾಧಿಸಬಹುದು; ಸಾಧನೆಯು ಬಹು ಸೊಗಸಾಗಿದೆ. ೬೪೦ ಎಂದರೆ ೫ × ೧೨೮, ಅಂದರೆ ೫ನ್ನು ೨ರ ೭ನೆಯ ಘಾತದಿಂದ ಗುಣಿಸಿದ ಲಬ್ಧ. ಆದ್ದರಿಂದ ೬೪೦ರ ೪ನೆಯ ಘಾತವು ೬೨೫ × (೨ರ ೨೮ನೆಯ ಘಾತ) ಆಗುತ್ತದೆ. ಇನ್ನು ೬೨೫ = ೬೪೧ – ೧೬; ೧೬ ಎಂದರೆ ೨ರ ೪ನೆಯ ಘಾತ. ಹೀಗಾಗಿ ೬೪೦ರ ೪ನೆಯ ಘಾತವೆಂದರೆ, ೬೪೧ರ ಒಂದು ಅಪವರ್ತ್ಯದಿಂದ ೨ರ ೩೨ನೆಯ ಘಾತವನ್ನು ಕಳೆದುದು. ಇದರಿಂದ ೧ನ್ನು ಕಳೆಯಿರಿ: ಅಪವರ್ತ್ಯದಿಂದ ನಮ್ಮ ಸಂಖ್ಯೆಯನ್ನೇ ಕಳೆದಂತಾಯಿತು. ಆದರೆ ಯಾವುದೇ ಸಂಖ್ಯೆಯ ೪ನೆಯ ಘಾತದಲ್ಲಿ ೧ನ್ನು ಕಳೆದರೆ, ಉಳಿದುದು ಆ ಸಂಖ್ಯೆಗಿಂತ ಒಂದು ಹೆಚ್ಚಾದುದರಿಂದ, ಇಲ್ಲಿ ೬೪೧ರಿಂದ, ಭಾಗವಾಗುತ್ತದೆಂಬುದು ಬೀಜಗಣಿತ ಬಲ್ಲವರೆಲ್ಲರಿಗೂ ತಿಳಿದದ್ದೇ. ಆದುದರಿಂದ ನಮ್ಮ ಸಂಖ್ಯೆಯೂ ಹಾಗೆಯೇ ಭಾಗವಾಗಲೇಬೇಕು.

ಸರಿ, ೬೪೧ನ್ನು ಹುಡುಕುವುದೆಂತು? ಅದಕ್ಕಿಂತ ಸಣ್ಣ ಅವಿಭಾಜ್ಯಗಳೇ ೧೧೫ ಇವೆ. ಆದರೆ ನಮ್ಮ ಸಂಖ್ಯೆಯ ಯಾವ ಭಾಜಕವನ್ನೇ ಆಗಲಿ ೬೪ರಿಂದ ಭಾಗಿಸಿದರೆ ೧ ಉಳಿಯಲೇಬೇಕೆಂದು ಆಯ್ಲರನೇ ಸಾಧಿಸಿದ್ದಾನೆ. ಈ ಜರಡಿಯಲ್ಲಿ ಸೋಸಿದರೆ ಮೊದಲು ನಿಲ್ಲುವ ಅವಿಭಾಜ್ಯಗಳು ೧೯೩, ೨೫೭, ೪೪೯, ೫೭೭, ೬೪೧ ಮಾತ್ರ. ಐದನೆಯ ಪ್ರಯತ್ನಕ್ಕೇ ಉತ್ತರ! ಅಂಕಗಣಿತದಲ್ಲಿ ಅಷ್ಟು ನುರಿತ ಫರ್ಮಾನಿಗೆ ಇದು ತಪ್ಪಿಹೋದುದು ಸೋಜಿಗವೇ ಸರಿ.

೬೭,೦೦,೪೧೭ ಸ್ವತಃ ಅವಿಭಾಜ್ಯ. ಅದರ ವರ್ಗಮೂಲವು ೨,೫೮೯ಕ್ಕಿಂತ ಕಡಿಮೆ. ಅಲ್ಲಿಯವರೆಗೆ ಮೇಲಿನ ನಿಯಮಕ್ಕೆ ಒಪ್ಪುವ ಸಂಖ್ಯೆಗಳು ೪೦ ಮಾತ್ರ. ಅವುಗಳಲ್ಲಿ ಹಲವು ಅವಿಭಾಜ್ಯಗಳಲ್ಲವಾದ್ದರಿಂದ ತಾವೇ ಬಿಟ್ಟುಹೋಗುತ್ತವೆ. ವಿದ್ಯಾರ್ಥಿಗಳು ಒಂದು ಸಂಜೆ ಕುಳಿತು ಇದನ್ನು ಪರೀಕ್ಷಿಸಬಹುದು.

ಫರ್ಮಾನ ಸಾಲು ಇಲ್ಲಿಗೆ ಮೂಲೆಗುಂಪಾಗಲಿಲ್ಲ. ೧೭ ಸಮಭುಜಗಳ ಆಕೃತಿಯನ್ನು ಅಳತೆಪಟ್ಟಿ-ಕೈವಾರಗಳಿಂದಲೇ ರಚಿಸಬಹುದೆಂದು ೧೭೯೬ರಲ್ಲಿ ಗೌಸ್ ಕಂಡುಹಿಡಿದನು. ಅದಕ್ಕೆ ಆಧಾರವಾದುದು ಈ ಸಾಲಿನ ೧೭. ೬೫,೫೩೭ರ ನಂತರದ ೨೮ ಸಂಖ್ಯೆಗಳೂ ವಿಭಾಜ್ಯಗಳೆಂದು ಈಗ ತಿಳಿದಿದೆ. ಇನ್ನೂ ಮುಂದೆ ಎಲ್ಲಾದರೂ ಒಂದು ಅವಿಭಾಜ್ಯ ಅಡಗಿದೆಯೇ? ಇದೆಯೆಂದಾಗಲಿ ಇಲ್ಲವೆಂದಾಗಲಿ ಯಾರೂ ಸಾಧಿಸಿಲ್ಲ.