ಗಾನಮುದ್ರಿಕೆಯೂ ಮುಳ್ಳಿನ ಮೊನೆಯೂ

ಮೆರುಗು ಹಚ್ಚಿದ ಉದ್ದನೆಯ ಮರದ ಪೆಟ್ಟಿಗೆ. ಮುಚ್ಚಳವನ್ನೆತ್ತಿದರೆ ಒಂದೆಡೆ ರೇಡಿಯೋ, ಮತ್ತೊಂದೆಡೆ ರೆಕಾರ್ಡನ್ನು ತಿರುಗಿಸುವ ಯಂತ್ರ. ಎರಡು ತುದಿಗಳಲ್ಲಿ ಬಟ್ಟೆಯ ಮರೆಯಲ್ಲಿ ಧ್ವನಿವರ್ಧಕಗಳು. ಸ್ಟೀರಿಯೋ ರೆಕಾರ್ಡುಗಳು 1958ರಲ್ಲಿ ಪ್ರಚಾರಕ್ಕೆ ಬಂದ ಮೇಲೆ ಅಮೆರಿಕದ ಮ್ಯಾಗ್ನಾವಾಕ್ಸ್, ಜರ್ಮನಿಯ ಗ್ರುಂಡಿಗ್ ಮೊದಲಾದ ಕಂಪನಿಗಳು ಇಂತಹ ಕನ್ಸೋಲುಗಳನ್ನು ಹೇರಳವಾಗಿ ತಯಾರಿಸಿದವು. ಅವುಗಳನ್ನು ದುರಸ್ತಿ ಮಾಡಿಸಿ ಹಳೆಯ ಸಂಗೀತವನ್ನು ಸವಿಯುವ ರಸಿಕರು ಇಂದಿಗೂ ಇದ್ದಾರೆ. ಆದರೆ ಪೆಟ್ಟಿಗೆಯ ಅಂದಕ್ಕೆ ಮಾರುಹೋಗುವ ಮೊದಲು ಅದರ ಮುಳ್ಳನ್ನು ಪರೀಕ್ಷಿಸುವುದು ಅವಶ್ಯ. ಸವೆದ ಮುಳ್ಳು ಹಾಡನ್ನು ನುಡಿಸುತ್ತಲೇ ಅಳಿಸುತ್ತದೆ. ಹಾಗೆ ಅಳಿದುದು ಮರಳಿ ಬಾರದು.

ರೆಕಾರ್ಡಿನ ಒಂದು ಮುಖದಲ್ಲಿರುವುದು ಹೊರ ಅಂಚಿನಿಂದ ಒಳಕ್ಕೆ ಸುತ್ತುತ್ತ ಸಾಗುವ ಒಂದೇ ಗೀರು. ಹಳೆಯ ಏಕಧ್ವನಿ ಮುದ್ರಿಕೆಗಳಲ್ಲಿ ಅದು ಎಡಕ್ಕೂ ಬಲಕ್ಕೂ ಮಾತ್ರ ಬಳುಕುತ್ತದೆ. ಒಂದೇ ಗೀರಿನಲ್ಲಿ ಎರಡು ಧ್ವನಿಗಳನ್ನು ಅಡಗಿಸುವ ಉಪಾಯವನ್ನು 1931ರಲ್ಲಿಯೇ ಇಂಗ್ಲೆಂಡಿನ ಅಲನ್ ಬ್ಲಮ್ಲೈನ್ ರೂಪಿಸಿದ್ದನು: ಗೀರಿನ ಎರಡು ಗೋಡೆಗಳೂ 45 ಡಿಗ್ರಿ ಓರೆಯಾಗಿರುವುದರಿಂದ ಅವು ಒಂದಕ್ಕೊಂದು ಲಂಬವಾಗಿವೆ, ಒಂದು ಗೋಡೆಯ ಏರಿಳಿತ ಎಡಧ್ವನಿಯಾದರೆ ಇನ್ನೊಂದರದು ಬಲಧ್ವನಿ.

ಇದರಿಂದ ಒಂದು ಪ್ರಯೋಜನವುಂಟು. ಏಕಧ್ವನಿ ಮುದ್ರಿಕೆಯಲ್ಲಿ ಮುಳ್ಳು ಮೇಲೆ-ಕೆಳಗೆ ಅಲುಗಿದರೆ ಅದು ಬಹುಮಟ್ಟಿಗೆ ಧೂಳಿನ, ಗೀಚುಗಾಯದ ಫಲ, ಸಂಗೀತವಲ್ಲ. ಕನ್ಸೋಲಿನಲ್ಲಿ ‘ಮೋನೋ’ ಗುಂಡಿಯಿದ್ದರೆ ಒತ್ತಿ ನೋಡಿರಿ. ಎರಡು ಸಂಕೇತಗಳು ಕೂಡಿದಾಗ ಈ ಅಲುಗಾಟದ ಭಾಗಗಳು ಪರಸ್ಪರ ವಿರುದ್ಧವಾಗಿದ್ದು ಅಳಿದುಹೋಗುತ್ತವೆ. ಕರಕರ ಸದ್ದು ಎಷ್ಟೋ ತಗ್ಗುತ್ತದೆ!

ಇನ್ನು ಮೊನೆಯ ಗಾತ್ರ. ಅರಗಿನಿಂದ ಮಾಡಿದ 78 ಸುತ್ತಿನ ತಟ್ಟೆಗೆ ಬೇಕಾದ ಮುಳ್ಳಿನ ಮೊನೆಯ ತ್ರಿಜ್ಯ ಸುಮಾರು 75 ಮೈಕ್ರಾನ್, ಎಂದರೆ ತಲೆಗೂದಲಿನ ದಪ್ಪದಷ್ಟು. ಸ್ಟೀರಿಯೋ ಎಲ್‌ಪಿಗೆ ಬೇಕಾದುದು 18 ಮೈಕ್ರಾನ್ ಮಾತ್ರ. ಅನೇಕ ಕನ್ಸೋಲುಗಳಲ್ಲಿ ಎರಡು ಮುಳ್ಳುಗಳನ್ನೂ ಒಂದೇ ತಲೆಯಲ್ಲಿ ಕೂಡಿಸಿ, ಸಣ್ಣ ಸನ್ನೆಯಿಂದ ಹೊರಳಿಸುವಂತೆ ಮಾಡಿರುತ್ತಾರೆ. ಹೊರಳಿಸಲು ಮರೆತರೆ ಸಣ್ಣ ಮುಳ್ಳು 78ರ ಗೀರಿನ ತಳಕ್ಕಿಳಿದು ಕಸವನ್ನು ಕೆದಕುತ್ತದೆ. ದಪ್ಪ ಮುಳ್ಳು ಎಲ್‌ಪಿಯ ಗೀರಿನೊಳಗೆ ಇಳಿಯಲಾರದೆ ಅಂಚುಗಳನ್ನು ತರಿಯುತ್ತದೆ. ಎರಡನೆಯ ಮರೆವೇ ಹೆಚ್ಚು ಅಪಾಯಕರ.

ಸವಕಳಿಯನ್ನು ಕಿವಿಯಿಂದಲೇ ಗುರುತಿಸಬಹುದೇ? ಲೆಕ್ಕ ಹಾಕೋಣ. ನಿಮಿಷಕ್ಕೆ 33⅓ ಸುತ್ತು ತಿರುಗುವ 12 ಅಂಗುಲದ ತಟ್ಟೆಯ ಹೊರ ಅಂಚಿನಲ್ಲಿ ಗೀರು ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಓಡುತ್ತದೆ. ಕೊನೆಯ ಹಾಡಿನ ಬಳಿ 21 ಸೆಂಟಿಮೀಟರ್ ಮಾತ್ರ. ಆದುದರಿಂದ ಸೆಕೆಂಡಿಗೆ 10,000 ಕಂಪನಗಳ ಧ್ವನಿಯ ಒಂದು ಅಲೆ ಹೊರಗೆ 51 ಮೈಕ್ರಾನ್ ಉದ್ದವಿದ್ದರೆ ಒಳಗೆ 21ಕ್ಕೆ ಕುಗ್ಗುತ್ತದೆ. ಸವೆದು ಚಪ್ಪಟೆಯಾದ ಮೊನೆಗೆ ಆ ಕಿರಿದಾದ ಬಳುಕುಗಳಲ್ಲಿ ತಿರುಗಲು ಎಡೆಯಿಲ್ಲ. ಅದು ಅವುಗಳನ್ನು ಉಜ್ಜಿಕೊಂಡು ಸಾಗುತ್ತದೆ. ಕೊನೆಯ ಹಾಡಿನಲ್ಲಿ ಸಕಾರ, ಶಕಾರಗಳು ಒಡೆದು ಕೇಳಿಸಿದರೆ ಸಂಶಯ ಪಡಬೇಕು. ಹೊಸ ಮುಳ್ಳಿನಲ್ಲಿಯೂ ಹಾಗೆಯೇ ಕೇಳಿಸಿದರೆ, ಗೀರಿಗೇ ಪೆಟ್ಟು ಬಿದ್ದಿರುವ ಸಂಭವ ಹೆಚ್ಚು.

ನೀಲಮಣಿಯ ಮೊನೆ ಕೆಲವು ಹತ್ತು ಗಂಟೆಗಳಲ್ಲೇ ಸವೆಯುತ್ತದೆ; ವಜ್ರದ್ದು ನೂರಾರು ಗಂಟೆ ಬಾಳುತ್ತದೆ. ಪೆಟ್ಟಿಗೆಯ ಜೊತೆ ಬಂದ ಹಳೆಯ ಮುಳ್ಳು ಎಷ್ಟು ಗಂಟೆ ನುಡಿಸಿದೆಯೆಂದು ಬಲ್ಲವರಾರು? ಸೂಕ್ಷ್ಮದರ್ಶಕದಲ್ಲಿ ಅದರ ಇಕ್ಕೆಲಗಳಲ್ಲಿ ಚಪ್ಪಟೆಯಾದ ಹೊಳಪು ಕಂಡರೆ, ಮುಳ್ಳನ್ನು ಬದಲಾಯಿಸಿದ ಬಳಿಕವೇ ರೆಕಾರ್ಡನ್ನು ಇಡತಕ್ಕದ್ದು.