ರಾತ್ರಿ ಪಾಳಿಯ ಕಂಪ್ಯೂಟರ್‌ಗಳು

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದಾಗ ನಿಂತದ್ದು ಅದಿರಿನ ಲಾರಿಗಳು ಮಾತ್ರವಲ್ಲ. ಗಣಿಯನ್ನೇ ನಂಬಿದ್ದ ಗ್ಯಾರೇಜು, ಖಾನಾವಳಿ, ಸರ್ವೆ ಕಚೇರಿಗಳ ವಹಿವಾಟೂ ಕುಸಿಯಿತು. ನಾನಾಗ ದರೋಜಿಯಿಂದ ರೈಲಿನಲ್ಲಿ ಹೊಸಪೇಟೆಗೆ ಹೋಗಿ ಅಂಥದೊಂದು ಸರ್ವೆ ಕಂಪನಿಯ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೆ. 2013ರ ತೀರ್ಪಿನ ನಂತರ, ಉತ್ಪಾದನೆಯ ಮಿತಿ ಮತ್ತು ಪುನಶ್ಚೇತನ ಯೋಜನೆಗಳ ಷರತ್ತಿನಡಿ ಹಲವು ಗಣಿಗಳು ಮತ್ತೆ ತೆರೆದುಕೊಂಡವು. ಕೆಲಸ ಬಂತು, ಮೊದಲಿನ ಹಣ ಬರಲಿಲ್ಲ. ಹೊಸ ಸರ್ವರ್ ಕೊಳ್ಳುವ ಮಾತನ್ನೇ ಎತ್ತುವಂತಿರಲಿಲ್ಲ.

ಲೆಕ್ಕಾಚಾರ ಮಾತ್ರ ಭಾರವಾಗುತ್ತ ಹೋಯಿತು. ಸಂಡೂರಿನ ಬೆಟ್ಟದಲ್ಲಿ ಕೊರೆದ ರಂಧ್ರದ ಮಾದರಿಯಲ್ಲಿ ಕಬ್ಬಿಣದ ಅಂಶ ಎಷ್ಟೆಂದು ಪ್ರಯೋಗಾಲಯ ಹೇಳುತ್ತದೆ. ಎರಡು ರಂಧ್ರಗಳ ನಡುವಿನ ನೆಲದಲ್ಲಿ ಎಷ್ಟಿದೆಯೆಂದು ಅಂದಾಜಿಸಬೇಕು. ಒಂದೇ ಅಂದಾಜನ್ನು ನಂಬಿ ಗಣಿಯ ಬೆಂಚು (ಮೆಟ್ಟಿಲು) ಕತ್ತರಿಸುವುದು ಅಪಾಯ. ಅದೇ ಬೆಟ್ಟದ ನೂರಾರು ಸಾಧ್ಯ ರೂಪಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಅವುಗಳ ನಡುವಿನ ಏರಿಳಿತ ನೋಡಿದರೆ ಗ್ರೇಡಿನ, ಅಂದರೆ ಅದಿರಿನಲ್ಲಿರುವ ಕಬ್ಬಿಣದ ಪ್ರಮಾಣದ ಬಗ್ಗೆ ಧೈರ್ಯವಾಗಿ ಮಾತಾಡಬಹುದು. ಒಂದು ರೂಪದ ಲೆಕ್ಕಕ್ಕೆ ಇನ್ನೊಂದರ ಉತ್ತರ ಬೇಕಿಲ್ಲ. ಒಂದು ದೊಡ್ಡ ಲೆಕ್ಕವನ್ನು ಹಲವು ಯಂತ್ರಗಳಿಗೆ ಹಂಚಿ ಮಾಡಿಸುವ ಗ್ರಿಡ್ ಕಂಪ್ಯೂಟಿಂಗ್‌ಗೆ ಹೇಳಿ ಮಾಡಿಸಿದ ಕೆಲಸವೆಂದರೆ ಇದೇ. ಗಣಿಯ ಹೊಂಡಕ್ಕೆ ಅತಿ ಲಾಭದ ಆಕಾರ ಹುಡುಕುವ ಲೆಕ್ಕ ಹಾಗಲ್ಲ. ಅದರ ತುಂಡುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅದನ್ನು ಇದ್ದ ಒಂದು ಬಲವಾದ ಯಂತ್ರಕ್ಕೇ ಬಿಟ್ಟೆವು.

ಬೆಂಗಳೂರಿನ ಸಿ-ಡ್ಯಾಕ್ ಮುನ್ನಡೆಸಿದ 'ಗರುಡ' ಎಂಬ ರಾಷ್ಟ್ರೀಯ ಗ್ರಿಡ್ ಬಗ್ಗೆ ನಾನು ಓದಿಕೊಂಡಿದ್ದೆ. ಅದು ದೂರದೂರದ ಸಂಶೋಧನಾ ಸಂಸ್ಥೆಗಳನ್ನು ಬೆಸೆಯುವ ದೊಡ್ಡ ಯೋಜನೆಯಾಗಿತ್ತು. ನಮಗೆ ಬೇಕಿದ್ದದ್ದು ಒಂದೇ ಕಟ್ಟಡದೊಳಗಿನ ಪುಟ್ಟ ಗ್ರಿಡ್. ಸಂಜೆ ಆರರ ಮೇಲೆ ಕಚೇರಿಯ ಡೆಸ್ಕ್‌ಟಾಪ್‌ಗಳೆಲ್ಲ ಸುಮ್ಮನೆ ಕೂತಿರುತ್ತಿದ್ದವು. ಅಮೆರಿಕದ ವಿಸ್ಕಾನ್ಸಿನ್–ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ 1988ರಿಂದ ಬೆಳೆದುಬಂದ ಕಾಂಡರ್ (ಈಗ ಎಚ್‌ಟಿಕಾಂಡರ್) ಹುಟ್ಟಿದ್ದೇ ಇಂಥ ಬಿಡುವಿನ ಯಂತ್ರಗಳಿಗಾಗಿ. ಅದು ಉಚಿತ, ವಿಂಡೋಸ್‌ನಲ್ಲೂ ಓಡುತ್ತದೆ. ದರೋಜಿ ಕೆರೆಯ ಕೆಳಗಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ನೀರುಗಂಟಿಯ ಕೆಲಸವನ್ನೇ ಅದು ಮಾಡುತ್ತದೆ: ಯಾವ ಯಂತ್ರ ಖಾಲಿ ಇದೆ, ಯಾವ ಲೆಕ್ಕದ ಸರದಿ ಬಂದಿದೆ ಎಂದು ನೋಡಿ ಹಂಚುತ್ತದೆ. ಮಾಲೀಕ ಬಂದು ಮೌಸ್ ಮುಟ್ಟಿದೊಡನೆ ಆ ಯಂತ್ರವನ್ನು ಬಿಟ್ಟುಕೊಡುತ್ತದೆ. 'ನನ್ನ ಸಿಸ್ಟಂ ಸ್ಲೋ ಆಗುತ್ತೆ' ಎಂದು ಗೊಣಗುತ್ತಿದ್ದ ಸರ್ವೆಯರ್‌ಗಳು ಒಪ್ಪಿದ್ದು ಈ ಗುಣ ಕಣ್ಣಾರೆ ಕಂಡ ಮೇಲೆ.

ನಿಜವಾದ ಅಡ್ಡಿ ಬಂದದ್ದು ಲೈಸೆನ್ಸ್‌ನಿಂದ. ನಾವು ಬಳಸುತ್ತಿದ್ದ ಗಣಿ ಸಾಫ್ಟ್‌ವೇರ್ ಡಾಂಗಲ್ (ಲೈಸೆನ್ಸ್ ಕೀಲಿ) ಚುಚ್ಚಿದ್ದ ಯಂತ್ರದಲ್ಲಷ್ಟೇ ತೆರೆಯುತ್ತಿತ್ತು. ಪ್ರತಿ ಡೆಸ್ಕ್‌ಟಾಪ್‌ಗೂ ಒಂದೊಂದು ಕೊಂಡರೆ ಸರ್ವರ್‌ಗಿಂತ ದುಬಾರಿ. ಹೀಗಾಗಿ ಭಾರದ ಲೆಕ್ಕವನ್ನು ಸ್ಟ್ಯಾನ್‌ಫರ್ಡ್‌ನ ಮುಕ್ತ ಸಾಫ್ಟ್‌ವೇರ್ ಜಿಎಸ್‌ಲಿಬ್‌ಗೆ ವರ್ಗಾಯಿಸಿ, ಫಲಿತಾಂಶವನ್ನು ಮಾತ್ರ ಹಳೆಯ ಸಾಫ್ಟ್‌ವೇರ್‌ಗೆ ತಂದೆವು. ಗ್ರಿಡ್‌ನಿಂದ ಉಳಿತಾಯವೆಂದು ಹೇಳುವವರು ಈ ಲೈಸೆನ್ಸ್ ವಿಷಯವನ್ನು ಮೊದಲು ಹೇಳಬೇಕು.

ಕರೆಂಟೂ ಪುಕ್ಕಟೆಯಲ್ಲ. ಒಂದು ಯಂತ್ರ ಹೆಚ್ಚುವರಿಯಾಗಿ 80 ವ್ಯಾಟ್ ಎಳೆದರೆ, ಹತ್ತು ಗಂಟೆಗೆ 30 ಯಂತ್ರಗಳಿಗೆ 24 ಯೂನಿಟ್. ಕಚೇರಿಯ ದರದಲ್ಲಿ ಅದನ್ನು ಗುಣಿಸಿ ನೋಡಿಯೇ ಮುಂದುವರಿದೆವು. ಕರೆಂಟು ಹೋಗಿ ಬಂದರೆ ಇಡೀ ರಾತ್ರಿಯ ಶ್ರಮ ನೀರುಪಾಲಾಗದಿರಲೆಂದು ಪ್ರತಿ ಕೆಲಸವನ್ನು ಅರ್ಧ ಗಂಟೆಯೊಳಗೆ ಮುಗಿಯುವಷ್ಟು ಚಿಕ್ಕದಾಗಿ ಕತ್ತರಿಸಿದೆ. ಏಪ್ರಿಲ್, ಮೇ ತಿಂಗಳಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ಅರ್ಧದಷ್ಟು ಯಂತ್ರಗಳನ್ನು ಮಾತ್ರ ಓಡಿಸುತ್ತಿದ್ದೆವು. ನಮ್ಮ ಸೀಮೆಯ ಬೇಸಿಗೆ ಗೊತ್ತಿದ್ದವರಿಗೆ ಕಾರಣ ಹೇಳಬೇಕಿಲ್ಲ.

ಕೊರೆದ ರಂಧ್ರಗಳ ಮಾಹಿತಿ ಗಣಿ ಮಾಲೀಕರ ಗುಟ್ಟು. ಅದು ನಮ್ಮ ಗೋಡೆಗಳಾಚೆ ಹೋಗಲಿಲ್ಲ ಎಂಬುದು ಹಣದಲ್ಲಿ ಅಳೆಯಲಾಗದ ಲಾಭ.

ಈಗ ಕ್ಲೌಡ್ ಇದೆ. ವರ್ಷಕ್ಕೊಮ್ಮೆ ಮಾತ್ರ ಭಾರದ ಲೆಕ್ಕ ಮಾಡುವವರಿಗೆ ಗಂಟೆ ಬಾಡಿಗೆಯೇ ಅಗ್ಗ. ಗ್ರಿಡ್‌ಗಾಗಿ ಹೊಸ ಯಂತ್ರ ಕೊಳ್ಳುವುದಂತೂ ವ್ಯರ್ಥ. ಆದರೆ ನಿಮ್ಮ ಕಚೇರಿಯಲ್ಲಿ ಯಂತ್ರಗಳಿದ್ದು, ಬಿಡಿಬಿಡಿಯಾಗಿ ಮಾಡಬಹುದಾದ ಲೆಕ್ಕ ವಾರವಾರವೂ ಬರುತ್ತಿದ್ದರೆ, ಮುಂದಿನ ಸರ್ವರ್ ಕೊಟೇಶನ್‌ಗೆ ಸಹಿ ಹಾಕುವ ಮುನ್ನ ಒಂದು ವಾರ ಆ ಯಂತ್ರಗಳು ರಾತ್ರಿ ಏನು ಮಾಡುತ್ತವೆಂದು ದಯವಿಟ್ಟು ದಾಖಲಿಸಿ ನೋಡಿ.