ಮಾತ್ರೆಗಿಂತ ಮೊದಲು ಸ್ಟೂಲು ಸರಿಯಾಗಲಿ

ಸೋದರಿ, ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಓವರ್‌ಲಾಕ್ ಹೊಲಿಯುವ ಬಹಳ ಮಂದಿಗೆ ನಿಮ್ಮಂತೆಯೇ ಹೆಗಲು ನೋವಿದೆ. ನೋವಿನ ಮಾತ್ರೆ ನುಂಗಿ ಶಿಫ್ಟ್ ಮುಗಿಸುವುದನ್ನು ದಯವಿಟ್ಟು ನಿಲ್ಲಿಸಿ.

ಕಂಪನಿಗೆ ವಾರಕ್ಕೊಮ್ಮೆ ಬರುವ ಫಿಸಿಯೋಥೆರಪಿಸ್ಟರನ್ನು ನಿಮ್ಮ ಮೆಷಿನ್ ಬಳಿಗೇ ಕರೆಯಿರಿ. ನೀವು ಹೊಲಿಯುವುದನ್ನು ಅವರು ಕಣ್ಣಾರೆ ನೋಡಬೇಕು. ಸ್ಟೂಲು ಗಿಡ್ಡವಾದರೆ ಹೆಗಲು ಕಿವಿಯತ್ತ ಏರುತ್ತದೆ. ಪೆಡಲ್ ದೂರವಿದ್ದರೆ ಸೊಂಟ ಜಾರುತ್ತದೆ. ಪೀಸಿನ ಕಟ್ಟು ನೆಲದ ಮೇಲಿದ್ದರೆ ಪ್ರತಿ ಸಲ ಬಾಗಿ ತಿರುಗಬೇಕು. ಇವು ಸರಿಹೋಗದೆ ಬರೀ ವ್ಯಾಯಾಮ ಫಲ ಕೊಡದು. ಗಂಟೆಗೊಮ್ಮೆ ಎದ್ದು ಹೆಗಲು ಹಿಂದಕ್ಕೆ ತಿರುಗಿಸಿ. ಪೀಸ್ ರೇಟಿನವರಿಗೆ ಇದು ಕಷ್ಟ, ಬಲ್ಲೆ. ಅದಕ್ಕೇ ಇಡೀ ಲೈನಿಗೆ ಎರಡು ನಿಮಿಷ ಬಿಡುವು ಕೊಡಿ ಎಂದು ಎಲ್ಲರೂ ಸೇರಿ ಸೂಪರ್‌ವೈಸರನ್ನು ಕೇಳಿ.

ರಾತ್ರಿ ಹೆಬ್ಬೆರಳು, ತೋರುಬೆರಳು ಜೋಮು ಹಿಡಿಯುವುದು ಮಣಿಕಟ್ಟಿನಲ್ಲಿ ನರ ಒತ್ತಿರುವ ಲಕ್ಷಣವಿರಬಹುದು. ಮಲಗುವಾಗ ಮಣಿಕಟ್ಟು ಮಡಚದಂತೆ ಪಟ್ಟಿ ಕಟ್ಟಿಕೊಳ್ಳಿ. ಕತ್ತರಿ ಕೈಜಾರುವಷ್ಟು ಹಿಡಿತ ಸಡಿಲವಾದರೆ ತಡಮಾಡಬೇಡಿ: ಇಎಸ್‌ಐ ಡಿಸ್ಪೆನ್ಸರಿಯಲ್ಲಿ ಚೀಟಿ ಬರೆಸಿಕೊಂಡು ಕೊಯಮತ್ತೂರಿನ ಸಿಂಗಾನಲ್ಲೂರು ಇಎಸ್‌ಐ ಆಸ್ಪತ್ರೆಗೆ ಹೋಗಿ. ನಿಮ್ಮ ಸಂಬಳದಲ್ಲಿ ಶೇ 0.75 ಹಿಡಿಯುವುದು ಇದಕ್ಕಾಗಿಯೇ. ವೈದ್ಯರು ರಜೆ ಬರೆದರೆ, ವಂತಿಗೆಯ ದಿನಗಳು ತುಂಬಿದವರಿಗೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70 ಸಿಗುತ್ತದೆ.